ಕೊಡುಗೆಗೆ ಕರಾರು ಸಲ್ಲದೇ?

ಷರತ್ತು ಹಾಕಿ ಕೊಟ್ಟದ್ದು ದಾನವೆನಿಸೀತೇ? ಈ ಹಳೆಯ ಪ್ರಶ್ನೆ ಇಂದು ಹೊಸ ವೇಷದಲ್ಲಿ ನಮ್ಮ ಮನೆಗಳಿಗೆ ಬಂದಿದೆ. ಮೈಸೂರಿಗೋ ಬೆಂಗಳೂರಿಗೋ ಹೋಗಿ ಗಣಕಯಂತ್ರದ ವಿದ್ಯೆ ಕಲಿತ ಮಕ್ಕಳು ತಾವು ಬರೆದ ತಂತ್ರಾಂಶವನ್ನು ಎಲ್ಲರಿಗೂ ಬಿಟ್ಟುಕೊಡಲು ಬಯಸಿದಾಗ, ಅದನ್ನು ಯಾವ ಪರವಾನಗಿಯಡಿ ಕೊಡಬೇಕೆಂದು ನಿರ್ಧರಿಸಬೇಕಾಗುತ್ತದೆ.

ಮುಖ್ಯವಾಗಿ ಎರಡು ಮಾರ್ಗಗಳಿವೆ. ಎಂಐಟಿ, ಬಿಎಸ್‌ಡಿ ಮುಂತಾದ ಪರವಾನಗಿಗಳಲ್ಲಿ ಬರೆದವರ ಹೆಸರನ್ನೂ ಪರವಾನಗಿಯ ಒಕ್ಕಣೆಯನ್ನೂ ಉಳಿಸಿಕೊಂಡರೆ ಸಾಕು. ಪಡೆದವನು ಅದನ್ನು ತಿದ್ದಿ, ತಿದ್ದಿದ್ದನ್ನು ಬಚ್ಚಿಟ್ಟು ಮಾರಿಕೊಳ್ಳಬಹುದು. ಎರಡನೆಯದು ಕಾಪಿಲೆಫ್ಟ್. ರಿಚರ್ಡ್ ಸ್ಟಾಲ್‌ಮನ್ 1989ರಲ್ಲಿ ಪ್ರಕಟಿಸಿದ ಜಿಪಿಎಲ್ ಇದರ ಪ್ರಸಿದ್ಧ ಮಾದರಿ. ಇದರಲ್ಲಿಯೂ ಬಳಸಬಹುದು, ತಿದ್ದಬಹುದು, ಹಣಕ್ಕೆ ಮಾರಲೂಬಹುದು. ಆದರೆ ಇತರರಿಗೆ ಹಂಚುವವನು ಮೂಲ ಬರಹವನ್ನೂ ತಾನು ಪಡೆದ ಸ್ವಾತಂತ್ರ್ಯವನ್ನೂ ಅವರಿಗೆ ಕೊಡಲೇಬೇಕು. ತನ್ನಷ್ಟಕ್ಕೆ ಬಳಸಿಕೊಳ್ಳುವವನಿಗೆ ಈ ಹೊಣೆಯಿಲ್ಲ.

ರಸಬಾಳೆಗೆ ಹೆಸರಾದ ನಂಜನಗೂಡು ಸೀಮೆಯವರಿಗೆ, ನಮ್ಮ ಬಿಳಿಗೆರೆಯ ರೈತರಿಗೆ, ಇದು ತಿಳಿಯದ ವಿಷಯವಲ್ಲ. ನೆರೆಯವನಿಂದ ಬಾಳೆಯ ಕಂದು ತಂದು ತೋಟ ಮಾಡಿದವನು ಗೊನೆಯನ್ನು ಮಾರಿದರೆ ಯಾರೂ ಆಕ್ಷೇಪಿಸರು. ಆದರೆ ನಾಳೆ ಮತ್ತೊಬ್ಬನು ಕಂದು ಕೇಳಿ ಬಂದಾಗ ಅವನು ಬೇಲಿ ಎಳೆದರೆ? ಕಾನೂನಿನಲ್ಲಿ ಅಪರಾಧವಲ್ಲದಿದ್ದರೂ ಊರಿನ ಮನಸ್ಸು ನೋಯುತ್ತದೆ. ಊರಿನೊಳಗೆ ಈ ಮರ್ಯಾದೆಯನ್ನು ನೆರೆಹೊರೆಯ ಕಣ್ಣು ಕಾಯುತ್ತದೆ. ಪರಸ್ಪರ ಮುಖ ಕಾಣದವರ ನಡುವೆ ಬರಹದ ಕರಾರೇ ಕಾಯಬೇಕು.

ಮೈಸೂರು ವಿಶ್ವವಿದ್ಯಾನಿಲಯವು 2014ರಲ್ಲಿ ತನ್ನ 14 ಸಂಪುಟಗಳ ಕನ್ನಡ ವಿಶ್ವಕೋಶದ 6 ಸಂಪುಟಗಳನ್ನು ಇದೇ ತತ್ತ್ವದ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಿಟ್ಟುಕೊಟ್ಟಿತು. ಆಕರವನ್ನು ಹೆಸರಿಸಬೇಕು, ಮಾರ್ಪಡಿಸಿ ಹಂಚುವುದನ್ನು ಅದೇ ಷರತ್ತಿನಲ್ಲಿ ಹಂಚಬೇಕು. ವಿದ್ವಾಂಸರ ದಶಕಗಳ ಶ್ರಮವನ್ನು ಯಾರಾದರೂ ಪರಿಷ್ಕರಿಸಿ, ಆ ಪರಿಷ್ಕರಣೆಗೆ ಬೀಗ ಹಾಕಿ ಹಂಚದಂತೆ ಈ ಷರತ್ತು ತಡೆಯುತ್ತದೆ.

ಹಾಗೆಂದು ಕರಾರು ಬಿಗಿಯಾದಷ್ಟೂ ಒಳ್ಳೆಯದೆಂದು ಹೇಳಲಾಗದು. ಕನ್ನಡವೂ ಸೇರಿದಂತೆ ಹಲವು ಭಾರತೀಯ ಲಿಪಿಗಳಿಗಾಗಿ ಬಂದ ಲೋಹಿತ್ ಫಾಂಟ್‌ಗಳು ಮೊದಲು ಜಿಪಿಎಲ್ ಅಡಿಯಲ್ಲಿದ್ದು, 2011ರಲ್ಲಿ ಫಾಂಟ್‌ಗಳಿಗೆಂದೇ ರೂಪಿಸಿದ ಓಪನ್ ಫಾಂಟ್ ಲೈಸೆನ್ಸ್‌ಗೆ ಬಂದವು. ಅದರಲ್ಲಿ ಫಾಂಟನ್ನು ತಿದ್ದಿ ಹಂಚುವವನಿಗೆ ಕರಾರುಂಟು. ಆ ಅಕ್ಷರಗಳಲ್ಲಿ ಮದುವೆಯ ಕರೆಯೋಲೆ ಅಚ್ಚುಹಾಕಿಸುವವನಿಗೆ ಇಲ್ಲ. ಹೊಣೆಯು ಹೊರಬೇಕಾದವನ ಹೆಗಲ ಮೇಲಷ್ಟೇ ಇರುವುದು ನ್ಯಾಯ. ಎಲ್ಲೆಡೆ ಬೇಗ ಹರಡಲೆಂದು ಬರೆದ ಚಿಕ್ಕ ತಂತ್ರಾಂಶಕ್ಕೆ ಸಡಿಲ ಪರವಾನಗಿಯೇ ಒಪ್ಪೀತು. ಆದರೆ ಆಯ್ಕೆಯನ್ನು ಆರಂಭದಲ್ಲಿಯೇ ಮಾಡಬೇಕು. ಹಲವರ ಬರಹ ಸೇರಿದ ಬಳಿಕ ಪರವಾನಗಿಯನ್ನು ಬದಲಿಸಲು ಸಾಮಾನ್ಯವಾಗಿ ಅವರೆಲ್ಲರ ಒಪ್ಪಿಗೆ ಬೇಕಾಗುತ್ತದೆ.

ಹಾಗಾದರೆ ದಾನಕ್ಕೆ ಷರತ್ತು ಸಲ್ಲುವುದೇ? ಷರತ್ತಿನ ಫಲ ಯಾರಿಗೆಂದು ಕೇಳಬೇಕು. ಕೊಟ್ಟವನಿಗೇ ಮರಳಿ ಬರುವಂತಿದ್ದರೆ ಅದು ವ್ಯಾಪಾರ. ಇನ್ನೂ ಬಾರದ ಮೂರನೆಯವನಿಗೆ ಸಿಗುವಂತಿದ್ದರೆ ಅದು ಕಾವಲು. ನಿಮ್ಮ ಮಗನೋ ಮಗಳೋ ಈ ಆಯ್ಕೆಯ ಮುಂದೆ ನಿಂತಾಗ, ನಾಳೆ ಕೇಳಿ ಬರುವ ಆ ಮೂರನೆಯವನ ಪರವಾಗಿ ಮನೆಯಲ್ಲಿ ಒಂದು ಮಾತು ಆಡಿರಿ.