ಅತಿಥಿಯ ಪಾಲಿನ ನೀರು

ಪ್ರವಾಸವನ್ನು ನಾವು ಸಾಮಾನ್ಯವಾಗಿ ನೀತಿಯ ಪ್ರಶ್ನೆಯಾಗಿ ನೋಡುವುದಿಲ್ಲ. ಹಣ ನಮ್ಮದು, ರಜೆ ನಮ್ಮದು, ನಡೆಯುವ ಕಾಲೂ ನಮ್ಮದೇ. ಯಾರಿಗೂ ಕೇಡು ಬಗೆಯದೆ ನಾಲ್ಕು ಬೆಟ್ಟ ನೋಡಿ ಬಂದರೆ ಅದರಲ್ಲಿ ವಿಚಾರಿಸುವುದೇನಿದೆ ಎಂದು ನಾನೂ ತಿಳಿದಿದ್ದೆ. ಒಂದು ಜೂನ್ ತಿಂಗಳ ಆರಂಭದಲ್ಲಿ ಮಡದಿ, ಮಗನೊಡನೆ ಲಡಾಖಿಗೆ ಹೋಗಿಬಂದ ಮೇಲೆ ಆ ನೆಮ್ಮದಿ ಉಳಿದಿಲ್ಲ.

ಲೇಹ್ ಪಟ್ಟಣ ಸಮುದ್ರಮಟ್ಟದಿಂದ ಸುಮಾರು 3,500 ಮೀಟರ್ ಎತ್ತರದಲ್ಲಿದೆ. ವಿಮಾನದಿಂದ ಇಳಿದವರು ಅಲ್ಲಿಯ ತೆಳುಗಾಳಿಗೆ ಮೈ ಒಗ್ಗುವ ತನಕ ಒಂದೆರಡು ದಿನ ವಿಶ್ರಮಿಸಬೇಕು. ನಾವೂ ಹಾಗೆ ಮಾಡಿ, ಬಳಿಕ ಹದಿನೇಳನೆಯ ಶತಮಾನದಲ್ಲಿ ಸೆಂಗೆ ನಮ್‌ಗ್ಯಾಲ್ ದೊರೆ ಕಟ್ಟಿಸಿದ ಒಂಬತ್ತು ಅಂತಸ್ತಿನ ಅರಮನೆಯನ್ನು ನೋಡಿದೆವು; ಸಿಂಧೂನದಿಯ ದಡದ ಆಲ್ಚಿಗೂ ಹೋದೆವು. ಎಂಟುನೂರು ವರ್ಷಗಳಿಗೂ ಹಿಂದಿನ ಅಲ್ಲಿಯ ಬೌದ್ಧ ಭಿತ್ತಿಚಿತ್ರಗಳಲ್ಲಿ ಕಾಶ್ಮೀರದ ಶೈಲಿ ಎದ್ದು ಕಾಣುತ್ತದೆ. ಒಳಗೆ ಕ್ಯಾಮೆರಾ ಬಳಸುವಂತಿಲ್ಲ. ಕಣ್ಣು ಕತ್ತಲೆಗೆ ಹೊಂದಿಕೊಳ್ಳುವವರೆಗೆ ಕಾದು, ಸಿಕ್ಕಷ್ಟನ್ನು ನೋಡಿ, ಹೊರಗೆ ಬರಬೇಕು. ಬೆಳಕಿನಿಂದಲೂ ನೋಡುವವರ ಉಸಿರಿನ ತೇವದಿಂದಲೂ ಹಳೆಯ ಬಣ್ಣ ಸವೆಯುತ್ತದೆ ಎಂಬುದನ್ನು ಬಲ್ಲವರಾರೂ ಆ ನಿಯಮಕ್ಕೆ ಎದುರಾಡಲಾರರು. ಚಿತ್ರದ ವಿಷಯದಲ್ಲಿ ನಾನು ಸುಲಭವಾಗಿ ಒಪ್ಪಿದ ಈ ಮಾತನ್ನು ನೀರಿನ ವಿಷಯದಲ್ಲಿ ಒಪ್ಪಲು ಇನ್ನೂ ಕೆಲವು ದಿನಗಳು ಬೇಕಾದವು.

ಲಿಕೀರ್ ಮಠದಿಂದ ತಿಮಿಸ್‌ಗಾಮಿನ ಕಡೆಗೆ ಹಳ್ಳಿಯಿಂದ ಹಳ್ಳಿಗೆ ನಡೆಯುವ ದಾರಿಯೊಂದಿದೆ. ಬೋಳು ಗುಡ್ಡಗಳ ನಡುವೆ ಅರ್ಧ ದಿನ ನಡೆದರೆ ಹಠಾತ್ತನೆ ಒಂದು ಹಸುರು ಹಾಳೆ ಬಿಚ್ಚಿಕೊಳ್ಳುತ್ತದೆ: ಬಾರ್ಲಿಯ ಗದ್ದೆ, ವಿಲೋ ಮರಗಳು, ಹತ್ತಾರು ಮನೆ. ಅಂತಹ ಒಂದು ಮನೆಯಲ್ಲಿ ರಾತ್ರಿ ತಂಗಿದೆವು. ಮನೆಯ ಹಿರಿಯಾಕೆಯನ್ನು ಅಲ್ಲಿಯ ರೂಢಿಯಂತೆ ‘ಆಮಾ ಲೇ’ ಎಂದು ಕರೆದೆವು. ಸೂರ್ಯ ಮುಳುಗುವ ಮೊದಲೇ ನಮಗೆ ಊಟವಾಗಬೇಕೆಂದಾಗ ಆಕೆ ಕಾರಣವನ್ನೂ ಕೇಳದೆ ಒಲೆ ಹೊತ್ತಿಸಿದರು. ನಾವು ಚೀಲದಿಂದ ಶುಭ್ರವಾದ ಬಟ್ಟೆ ತೆಗೆದು ಕುಡಿಯುವ ನೀರನ್ನು ಸೋಸಿಕೊಂಡೆವು. ಆ ಬಳಿಕ ನಾನು ಸ್ನಾನಕ್ಕೆ ನೀರು ಕೇಳಿದೆ. ಮೂವರಿಗೆ ಮೂರು ಬಕೆಟ್, ಬಿಸಿಯಾಗಿ.

ನೀರು ಬಂದಿತು. ಮರುದಿನ ಬೆಳಗ್ಗೆ ಹೊರಗೆ ನಿಂತಾಗ ಕಂಡದ್ದು ಬೇರೆ. ಆಮಾ ಲೇ ಗುದ್ದಲಿ ಹಿಡಿದು ಕಾಲುವೆಯ ಬಳಿ ಕುಳಿತಿದ್ದರು. ಕಾಲುವೆ ಎಂದರೆ ನಮ್ಮ ತೋಟದ ಬಸಿಗಾಲುವೆಗಿಂತ ಅಗಲವಿಲ್ಲದ್ದು. ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂಬುದನ್ನು ನಿರ್ಣಯಿಸಲು ಊರವರು ಒಬ್ಬನನ್ನು ನೇಮಿಸುತ್ತಾರೆ. ಅವನಿಗೆ ‘ಚುರ್ಪೋನ್’ ಎಂದು ಹೆಸರು. ಆಕೆ ತಮ್ಮ ಸರದಿಗಾಗಿ ಕಾಯುತ್ತಿದ್ದರು. ಲೇಹ್‌ನ ಸುತ್ತಮುತ್ತ ವರ್ಷವಿಡೀ ಬೀಳುವ ಮಳೆ-ಹಿಮವೆಲ್ಲ ಸೇರಿದರೂ ಸುಮಾರು 100 ಮಿಲಿಮೀಟರ್. ಆಗುಂಬೆಯಲ್ಲಿ ಮಳೆಗಾಲದ ಒಂದೇ ದಿನ ಅಷ್ಟು ಸುರಿಯುವುದುಂಟು. ಮೇಲಿನ ಹಿಮ ಕರಗಿ ಇಳಿದರೆ ಬೆಳೆ, ಇಲ್ಲವಾದರೆ ಇಲ್ಲ. ಬಿತ್ತನೆಯ ಹೊತ್ತಿಗೆ ಎತ್ತರದ ಹಿಮನದಿಗಳು ಇನ್ನೂ ಕರಗತೊಡಗಿರುವುದಿಲ್ಲ. ಚೆವಾಂಗ್ ನೋರ್ಫೆಲ್ ಎಂಬ ಎಂಜಿನಿಯರು ಚಳಿಗಾಲದ ವ್ಯರ್ಥ ನೀರನ್ನು ಊರಿನ ಸಮೀಪವೇ ತಡೆದು ಹೆಪ್ಪುಗಟ್ಟಿಸುವ ಕೃತಕ ಹಿಮನದಿಗಳನ್ನು ನಿರ್ಮಿಸಿದ್ದು ಆ ಕೊರತೆಗಾಗಿಯೇ. 2015ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು.

ಒಂದು ಲೋಟ ನೀರಿನಲ್ಲಿನ ಸೂಕ್ಷ್ಮಜೀವಿಗೆ ಅಂಜಿ ಬಟ್ಟೆ ಹಿಡಿದವನು ಮೂರು ಬಕೆಟ್ ನೀರಿನ ಹಿಂದಿದ್ದ ಮುದುಕಿಯನ್ನು ಕಾಣಲಿಲ್ಲ. ಇದನ್ನು ಬರೆಯುವಾಗಲೂ ನಾಚಿಕೆಯಾಗುತ್ತದೆ.

‘ಅವರಿಗೆ ಹಣ ಕೊಟ್ಟಿದ್ದೇವಲ್ಲ’ ಎಂಬ ಮಾತು ತಕ್ಷಣ ನಾಲಗೆಗೆ ಬರುತ್ತದೆ. ಆ ಮಾತಿನಲ್ಲಿ ಸತ್ಯವಿಲ್ಲವೆಂದಲ್ಲ. ಅತಿಥಿಗಳ ಹಣದಿಂದ ಅಲ್ಲಿಯ ಮಕ್ಕಳು ಓದುತ್ತಾರೆ, ಹಳೆಯ ಮನೆಗಳು ಬೀಳದೆ ಉಳಿದಿವೆ. ಆದರೆ ಹಣವು ನೀರನ್ನು ಹುಟ್ಟಿಸುವುದಿಲ್ಲ, ಒಬ್ಬರಿಂದ ಇನ್ನೊಬ್ಬರೆಡೆಗೆ ಸರಿಸುತ್ತದೆ ಅಷ್ಟೆ. ಆಮಾ ಲೇ ಒಪ್ಪಿಯೇ ಕೊಟ್ಟರು ಎನ್ನೋಣವೆ? ಮನೆಗೆ ಬಂದವರಿಗೆ ಇಲ್ಲವೆನ್ನಲು ಬಾರದವರ ಒಪ್ಪಿಗೆಯನ್ನು ಒಪ್ಪಿಗೆಯೆಂದು ಲೆಕ್ಕಕ್ಕೆ ಹಿಡಿಯುವುದು ನನಗೆ ಸರಿಕಾಣದು.

ಆ ಮನೆಗಳ ಶೌಚದ ಕ್ರಮವನ್ನೂ ಹೇಳಬೇಕು. ಮಡಿವಂತ ಓದುಗರು ಕ್ಷಮಿಸಲಿ. ಮೇಲಂತಸ್ತಿನ ನೆಲದಲ್ಲಿ ಒಂದು ಕಂಡಿ, ಪಕ್ಕದಲ್ಲಿ ಮಣ್ಣಿನ ರಾಶಿ, ಒಂದು ಸಲಿಕೆ. ಕೆಳಗಿನ ಕೋಣೆಯಲ್ಲಿ ಸಂಗ್ರಹವಾದದ್ದು ಗೊಬ್ಬರವಾಗಿ ಗದ್ದೆಗೆ ಹೋಗುತ್ತದೆ. ಒಂದು ತೊಟ್ಟು ನೀರೂ ಬೇಡ. ನನ್ನ ಮಗ ಮೊದಲು ಮೂಗು ಮುಚ್ಚಿಕೊಂಡ. ಇತ್ತ ಲೇಹ್‌ನ ಹೋಟೆಲುಗಳಲ್ಲಿ ನಮ್ಮಂಥವರಿಗಾಗಿ ಕೊಳವೆಬಾವಿಯ ನೀರನ್ನು ಮೇಲೆತ್ತಿ, ಅದನ್ನೇ ಮಲಿನಗೊಳಿಸಿ ಮತ್ತೆ ಭೂಮಿಗೆ ಬಿಡುತ್ತಾರೆ. 1974ರಲ್ಲಿ ಲಡಾಖ್ ಪ್ರವಾಸಿಗರಿಗೆ ತೆರೆದಾಗ ಆ ವರ್ಷ ಬಂದವರು ಸುಮಾರು 500 ಮಂದಿ. 2022ರಲ್ಲಿ ಐದು ಲಕ್ಷಕ್ಕೂ ಮಿಕ್ಕಿ ಬಂದರು. ಅಲ್ಲಿಯ ನಿವಾಸಿಗಳೋ, 2011ರ ಜನಗಣತಿಯಂತೆ, ಮೂರು ಲಕ್ಷವೂ ಇಲ್ಲ.

ಮುಂದಿನ ಹಳ್ಳಿಯ ದಾರಿಯಲ್ಲಿ ಮಗ ಕೇಳಿದ: “ಹಾಗಾದರೆ ನಾವು ಬರಲೇಬಾರದಿತ್ತೆ, ಅಪ್ಪಾ?” ದಿಗ್ವ್ರತವನ್ನು ಕೈಕೊಂಡು ಇಂತಿಷ್ಟು ದಿಕ್ಕು, ಇಂತಿಷ್ಟು ದೂರ ಎಂದು ತಮ್ಮ ಸಂಚಾರಕ್ಕೆ ಗೆರೆ ಎಳೆದುಕೊಂಡಿದ್ದ ನನ್ನ ಅಜ್ಜನಾಗಿದ್ದರೆ ಹೌದೆಂದೇ ಹೇಳುತ್ತಿದ್ದರು. ನನಗೆ ಅಷ್ಟು ಧೈರ್ಯವಾಗಲಿಲ್ಲ. ಬಂದದ್ದು ತಪ್ಪಲ್ಲ, ಮನೆಯ ಅಳತೆಯನ್ನು ಹೊತ್ತು ತಂದದ್ದು ತಪ್ಪು ಎಂದೆ. ಮುಂದಿನ ಎರಡು ದಿನ ಒದ್ದೆ ಬಟ್ಟೆಯಿಂದ ಮೈ ಒರೆಸಿಕೊಂಡೆವು. ಚಳಿಯ ನಾಡಿನಲ್ಲಿ ಅದೇನೂ ತಪಸ್ಸಲ್ಲ.

ಈಗ ನಮ್ಮ ಬಸದಿಯ ಹಿರಿಯರೊಬ್ಬರು ಮುಂದಿನ ಬೇಸಗೆಯಲ್ಲಿ ನಲವತ್ತು ಜನರ ತಂಡವನ್ನು ಅದೇ ದಾರಿಯಲ್ಲಿ ಕರೆದೊಯ್ಯಬೇಕೆಂದಿದ್ದಾರೆ. ಆ ಮನೆಯ ವಿಳಾಸ ಕೇಳಿ ನನಗೆ ಬರೆದಿದ್ದಾರೆ. ನಲವತ್ತು ಜನ ಒಂದೇ ರಾತ್ರಿ ಇಳಿದರೆ ಆ ಕಾಲುವೆಯ ಗತಿಯೇನು? ಎಂಟೆಂಟು ಜನರಾಗಿ, ಬಿತ್ತನೆಯ ಕಾಲ ಕಳೆದು ಆಗಸ್ಟ್ ಕೊನೆಯಲ್ಲಿ ಹೋಗಬಹುದೆ, ಸ್ನಾನವನ್ನು ಲೇಹ್‌ಗೆ ಮರಳುವವರೆಗೆ ಬಿಡಬಹುದೆ ಎಂದು ಕೇಳಿ ಉತ್ತರಿಸಿದ್ದೇನೆ. ಸ್ನಾನದ ಮಾತಿಗೆ ಕೆಲವರು ಈಗಾಗಲೇ ಮುನಿಸಿಕೊಂಡಿದ್ದಾರೆಂದು ಕೇಳಿದ್ದೇನೆ. ವಿಳಾಸವನ್ನು ಇನ್ನೂ ಕಳುಹಿಸಿಲ್ಲ.