ಅನಸೂಯೆ ನಿಲ್ಲಿಸಿದಲ್ಲಿಂದ

ಪೀಣ್ಯದ ಆಫ್‌ಸೆಟ್ ಪ್ರೆಸ್ಸುಗಳಲ್ಲಿ ಔಷಧಿ ಡಬ್ಬಿ, ಅಗರಬತ್ತಿ ಪೊಟ್ಟಣ ಅಚ್ಚಾಗುವುದು ಎಣ್ಣೆಗೂ ನೀರಿಗೂ ಒಗ್ಗದೆಂಬ ಗುಣದಿಂದಲೇ. 1790ರ ದಶಕದ ಕೊನೆಗೆ ಬವೇರಿಯಾದ ಸುಣ್ಣಕಲ್ಲಿನ ಮೇಲೆ ಅದನ್ನು ಮೊದಲು ದುಡಿಸಿಕೊಂಡವನು ಅಲೋಯ್ಸ್ ಸೆನೆಫೆಲ್ಡರ್. ಆತ ನಾಟಕಕಾರ, ತನ್ನ ನಾಟಕಗಳನ್ನು ಅಗ್ಗದಲ್ಲಿ ಅಚ್ಚು ಹಾಕುವ ದಾರಿ ಹುಡುಕುತ್ತಿದ್ದ.

ಆ ಕಲ್ಲಚ್ಚು ನಾಟಕದ ಋಣ ತೀರಿಸಿದ ಬಗೆ ವಿಚಿತ್ರ. ಫ್ರಾನ್ಸಿನ ದೆಲಕ್ರ್ವಾ 1828ರಲ್ಲಿ ಗಯಟೆಯ ‘ಫೌಸ್ಟ್’ಗೆ 17 ಚಿತ್ರ ಬರೆದ. ಮುಂದೆ ‘ಹ್ಯಾಮ್ಲೆಟ್’ಗೂ ಕೈಹಾಕಿ, ನೀರುಪಾಲಾಗುತ್ತಿರುವ ಒಫೀಲಿಯಾಳನ್ನು ಚಿತ್ರಿಸಿದ. ರಂಗದ ಮೇಲೆ ಅವಳು ಸಾಯುವುದೇ ಇಲ್ಲ. ರಾಣಿ ಬಂದು ಸುದ್ದಿ ಹೇಳುತ್ತಾಳೆ, ಅಷ್ಟೆ. ನಾಟಕ ಬಾಯಿಮಾತಿನಲ್ಲಿ ದಾಟಿಸಿದ್ದನ್ನು ಕಲ್ಲು ಕಣ್ಣೆದುರಿಗೆ ತಂದಿತು.

ನಮ್ಮಲ್ಲೂ ಹೀಗೇ ಆಯಿತು. ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ತೆರೆದ ಮುದ್ರಣಾಲಯದಿಂದ ಮೊದಮೊದಲು ಹೊರಬಂದ ಚಿತ್ರಗಳಲ್ಲಿ ‘ಶಕುಂತಲಾ ಜನ್ಮ’ ಒಂದು. ಅಷ್ಟರಲ್ಲಿ ಬಸವಪ್ಪಶಾಸ್ತ್ರಿಗಳ ಕನ್ನಡ ಶಾಕುಂತಲ ಮೈಸೂರಿನಲ್ಲಿ ರಂಗವೇರಿ ವರ್ಷಗಳಾಗಿದ್ದವು. ಆದರೆ ಮೇನಕೆ ಕೂಸನ್ನು ಮುಂದೊಡ್ಡುವುದು, ವಿಶ್ವಾಮಿತ್ರ ಮುಖ ತಿರುಗಿಸಿ ಕೈ ಅಡ್ಡ ಹಿಡಿಯುವುದು ಕಾಳಿದಾಸನಲ್ಲಿ ಎಲ್ಲೂ ಇಲ್ಲ. ಮಹಾಭಾರತದಲ್ಲೂ ಮೇನಕೆ ಕೂಸನ್ನು ಮಾಲಿನೀ ನದಿಯ ದಂಡೆಯಲ್ಲಿ ಬಿಟ್ಟು ಹೋಗುತ್ತಾಳೆಯೇ ಹೊರತು ತಂದೆಯ ಮುಂದೆ ಹಿಡಿಯುವುದಿಲ್ಲ. ನಾಟಕದ ಮೊದಲ ಅಂಕದಲ್ಲಿ ಅನಸೂಯೆ ಗೆಳತಿಯ ಹುಟ್ಟಿನ ಕಥೆ ಹೇಳತೊಡಗಿ, ಋಷಿ ಮೇನಕೆಯ ರೂಪವನ್ನು ಕಂಡನೆನ್ನುವಲ್ಲಿಗೆ ನಾಚಿ ಮಾತು ನಿಲ್ಲಿಸುತ್ತಾಳೆ. ದುಷ್ಯಂತನೂ ಮುಂದಿನದು ತಿಳಿಯಿತೆಂದು ಅಲ್ಲಿಗೇ ಬಿಡುತ್ತಾನೆ.

ಆ ಸಂಕೋಚವನ್ನು ಚಿತ್ರ ಮುರಿಯಿತೇ? ನನಗೆ ಹಾಗನ್ನಿಸದು. ಅನಸೂಯೆ ನುಂಗಿಕೊಂಡ ಮಾತನ್ನು ರವಿವರ್ಮನೂ ಆಡಲಿಲ್ಲ; ಅದನ್ನು ದಾಟಿ ನೇರ ಕೂಸಿನ ಬಳಿ ಬಂದ. (ಅವನ ಚಿತ್ರದ ಮಂದಿಗೆಲ್ಲ ಕಂಪನಿ ನಾಟಕದ ಭಂಗಿ ಎಂಬ ದೂರು ಇದ್ದೇ ಇದೆ. ಇಲ್ಲಿ ಆ ಭಂಗಿಯೇ ಕೆಲಸಕ್ಕೆ ಬಂದಿದೆ.) ಅಡ್ಡ ಹಿಡಿದ ಆ ಕೈಯನ್ನು ನೋಡಿ ಐದನೆಯ ಅಂಕಕ್ಕೆ ಹೋದರೆ, ಬಸುರಿ ಶಕುಂತಲೆಯನ್ನು ತಾನರಿಯೆ ಎನ್ನುವ ದುಷ್ಯಂತ ಅವಳನ್ನು ಒಲ್ಲೆನೆಂದ ಮೊದಲಿಗನಾಗಿ ಕಾಣುವುದಿಲ್ಲ, ಎರಡನೆಯವನಾಗಿ ಕಾಣುತ್ತಾನೆ. ದುರ್ವಾಸರ ಶಾಪ, ಕಳೆದ ಉಂಗುರ ಎಂದು ಕಾಳಿದಾಸ ಅವನಿಗೊಂದು ರಿಯಾಯಿತಿ ಕೊಟ್ಟ. ತಂದೆಯ ಮೇಲೆ ಯಾರ ಶಾಪವೂ ಇರಲಿಲ್ಲ, ಅವನಿಗೆ ಎಲ್ಲವೂ ನೆನಪಿತ್ತು.