ಕೇಳಿ ದಾಟುವ ಹೊಲ

ಸಿಂಧನೂರು, ಮಸ್ಕಿ, ಲಿಂಗಸುಗೂರು ಮೂರನ್ನೂ 150ಎ ರಾಷ್ಟ್ರೀಯ ಹೆದ್ದಾರಿ ಒಂದರ ಹಿಂದೊಂದು ಮುಟ್ಟಿಕೊಂಡು ಹೋಗುತ್ತದೆ. ಹೆದ್ದಾರಿ ಹಿಡಿದವನಿಗೆ ದಾರಿಯಲ್ಲಿ ಯಾರ ಅಪ್ಪಣೆಯೂ ಬೇಡ. ಆದರೆ ಸೈಕಲ್ಲಿಗೆ ಟೆಂಟು, ಹಾಸಿಗೆ, ನೀರಿನ ಬಾಟಲಿ ಬಿಗಿದುಕೊಂಡು ಊರೂರು ಸುತ್ತಲು ಹೊರಟವರು ಭತ್ತದ ಲಾರಿಗಳ ಮಗ್ಗುಲಲ್ಲಿ ದಿನವಿಡೀ ಪೆಡಲ್ ತುಳಿಯಲು ಬಂದಿರುವುದಿಲ್ಲ. ಎಲ್ಲೋ ಒಂದು ಕಡೆ ಎಡಕ್ಕೋ ಬಲಕ್ಕೋ ಹೊರಳಿಯೇ ಹೊರಳುತ್ತಾರೆ. ಮೊದಲು ಕಾಲುವೆ ದಂಡೆಯ ದಾರಿ, ಅದು ಮುಗಿದರೆ ಬಂಡಿದಾರಿ, ಆಮೇಲೆ ಬದು, ಕೊನೆಗೆ ಯಾರದೋ ಹೊಲ. ಅಷ್ಟು ಹೊತ್ತಿಗೆ ಮೊಬೈಲಿನ ನಕಾಶೆಯಲ್ಲಿ ಗೆರೆಗಳೆಲ್ಲ ಮುಗಿದು ಬರೀ ಬಣ್ಣ ಉಳಿದಿರುತ್ತದೆ. ಅಲ್ಲಿಂದ ಮುಂದೆ ಹೋಗುವ ಹಕ್ಕು ನಮಗೆ ಯಾರು ಕೊಟ್ಟರು? ಸೈಕಲ್ ಸವಾರರ ಮಾತುಕತೆಯಲ್ಲಿ ಟೈರಿನ ಅಗಲ, ಗೇರು, ಬ್ಯಾಟರಿ ಎಲ್ಲ ಬರುತ್ತದೆ. ಈ ಪ್ರಶ್ನೆ ಮಾತ್ರ ಬರುವುದಿಲ್ಲ. ನನಗೆ ಉಳಿದವೆಲ್ಲಕ್ಕಿಂತ ಇದೇ ದೊಡ್ಡದಾಗಿ ಕಾಣುತ್ತದೆ.

ಪರದೆಯಲ್ಲಿ ಖಾಲಿ ಕಂಡ ಕಡೆಯಲ್ಲೂ ಜನ ಇದ್ದಾರೆ. ಮಸ್ಕಿ, ಲಿಂಗಸುಗೂರು ಸೀಮೆಯ ಗುಡ್ಡಗಳ ಬುಡದಲ್ಲಿ ಲಂಬಾಣಿ ತಾಂಡಾಗಳಿವೆ. ಇಂಥ ಎಷ್ಟೋ ತಾಂಡಾಗಳಲ್ಲಿ ತಲೆಮಾರುಗಳಿಂದ ಮನೆಗಳಿದ್ದವು, ದನಕರು ಇದ್ದವು, ಸೇವಾಲಾಲರ ಗುಡಿ ಇತ್ತು. ಕಂದಾಯ ದಾಖಲೆಯಲ್ಲಿ ಮಾತ್ರ ಅಂಥದೊಂದು ಊರು ಇರಲಿಲ್ಲ. 2023ರ ಜನವರಿಯಲ್ಲಿ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ತಾಂಡಾದವರಿಗೆ ಹಕ್ಕುಪತ್ರ ಹಂಚಿದಾಗ, ರಾಯಚೂರೂ ಸೇರಿದಂತೆ ಐದು ಜಿಲ್ಲೆಗಳ ಸುಮಾರು 1,475 ದಾಖಲೆರಹಿತ ಜನವಸತಿಗಳು ಹೊಸ ಕಂದಾಯ ಗ್ರಾಮಗಳಾಗಿವೆ ಎಂದು ಸರ್ಕಾರವೇ ಹೇಳಿತು. ಅಷ್ಟು ಊರುಗಳು ಅಷ್ಟು ಕಾಲ ಕಾಗದದ ಹೊರಗಿದ್ದವು ಎಂದ ಮೇಲೆ, ಅಲ್ಲಿಂದ ಹೊಲಕ್ಕೆ, ಬೋರ್‌ವೆಲ್ಲಿಗೆ, ಶಾಲೆಗೆ, ಸಂತೆಗೆ ಹೋಗುವ ಕಾಲುದಾರಿಗಳ ಗತಿ ಹೇಳಬೇಕಾಗಿಲ್ಲ. ಬೆಂಗಳೂರಿನಿಂದ ಬಂದ ಸವಾರ ‘ಯಾರೂ ತುಳಿಯದ ದಾರಿ’ ಎಂದು ಹೆಮ್ಮೆಪಡುವ ಹಾದಿಯಲ್ಲಿ ನಸುಕಿನಲ್ಲೇ ಹೆಣ್ಣುಮಕ್ಕಳು ಹತ್ತಿ ಬಿಡಿಸಲು ನಡೆದು ಹೋಗಿರುತ್ತಾರೆ.

ಹಾಗಂತ ದಾರಿಗಳನ್ನು ಯಾರೂ ಬರೆದಿಟ್ಟೇ ಇಲ್ಲ ಎಂದಲ್ಲ. ಕಂದಾಯ ಇಲಾಖೆಯ ಗ್ರಾಮ ನಕಾಶೆ ತೆಗೆದು ನೋಡಿದರೆ ತುಂಡು ತುಂಡು ಜೋಡಿಗೆರೆಯಲ್ಲಿ ಬಂಡಿದಾರಿ, ತುಂಡು ಒಂಟಿಗೆರೆಯಲ್ಲಿ ಕಾಲುದಾರಿ ಕಾಣುತ್ತವೆ. ಪಹಣಿಯಲ್ಲಿ ‘ಬ’ ಖರಾಬು ಎಂದು ಕಳೆದು ತೋರಿಸುವ ಜಾಗವೂ ಅಂಥದೇ. ರಸ್ತೆ, ರೂಢಿಯ ಕಾಲುದಾರಿ, ಹಳ್ಳ, ಕೆರೆ ಇವುಗಳಿಗೆ ಬಿಟ್ಟ ನೆಲ ಅದು. ಸರ್ವೆ ನಂಬರಿನ ಒಳಗೇ ಇದ್ದರೂ ಪಟ್ಟಾದಾರ ಅದನ್ನು ಉತ್ತು ಬಿತ್ತಿ ತನ್ನದು ಎನ್ನುವಂತಿಲ್ಲ. 2023ರಲ್ಲಿ ಕಂದಾಯ ಇಲಾಖೆ ಸುತ್ತೋಲೆ ಹೊರಡಿಸಿ, ನಕಾಶೆಯಲ್ಲಿರುವ ಇಂಥ ದಾರಿಗಳಲ್ಲಿ ರೈತರ ಓಡಾಟಕ್ಕೆ ಅಡ್ಡಿಯಾಗದಂತೆ ನೋಡಿಕೊಳ್ಳಬೇಕೆಂದು ತಹಶೀಲ್ದಾರರಿಗೆ ತಿಳಿಸಿತು. ಅದರ ಅಗತ್ಯ ಬಿತ್ತೆಂದರೆ ಎಷ್ಟು ದಾರಿಗಳು ನೇಗಿಲಿಗೂ ಬಳ್ಳಾರಿ ಜಾಲಿಯ ಬೇಲಿಗೂ ಸಿಕ್ಕಿ ಮುಚ್ಚಿಹೋಗಿವೆ ಎಂದು ಊಹಿಸಬಹುದು.

ಇನ್ನು ದಿಶಾಂಕ್ ಎಂಬ ಆ್ಯಪ್ ಇದೆ. ರಾಜ್ಯದ ದೂರಸಂವೇದಿ ಅನ್ವಯಿಕ ಕೇಂದ್ರ ತಂದದ್ದು. ಹೊಲದ ನಡುವೆ ನಿಂತು ಬೆರಳಿಟ್ಟರೆ ಯಾವ ಸರ್ವೆ ನಂಬರಿನಲ್ಲಿ ನಿಂತಿದ್ದೀರಿ ಎಂದು ತೋರಿಸುತ್ತದೆ. ಆ ನಂಬರು ಹಿಡಿದು ಭೂಮಿ ತಂತ್ರಾಂಶದಲ್ಲಿ ಪಹಣಿ ತೆಗೆದರೆ ಮಾಲೀಕರ ಹೆಸರೂ ಸಿಗುತ್ತದೆ. ಇಷ್ಟು ಸಿಕ್ಕ ಮೇಲೆ ಇನ್ನೇನು, ಯಾರದು ಎಂದು ಗೊತ್ತಾಯಿತಲ್ಲ ಎಂದು ಅನ್ನಿಸುವುದು ಸಹಜ. ಆದರೆ 1974ರ ತಿದ್ದುಪಡಿಯ ನಂತರ ನಮ್ಮಲ್ಲಿ ಉಳುವ ಜಮೀನನ್ನು ಗೇಣಿಗೆ ಕೊಡುವುದು ಬಹುಪಾಲು ಕಾನೂನಿಗೆ ಹೊರಗು. ಗೇಣಿ ನಿಂತಿಲ್ಲ, ಬಾಯಿಮಾತಿನಲ್ಲಿ ನಡೆಯುತ್ತಿದೆ. ಪಹಣಿಯಲ್ಲಿ ಹೆಸರಿದ್ದವರು ರಾಯಚೂರಿನಲ್ಲೋ ಹೈದರಾಬಾದಿನಲ್ಲೋ ಇರುತ್ತಾರೆ. ಪಾಲಿಗೋ ಲೀಸಿಗೋ ಮಾಡಿದವರ ಬೆವರು ಹೊಲದಲ್ಲಿರುತ್ತದೆ. ಮಸ್ಕಿ, ಲಿಂಗಸುಗೂರು ಕಡೆ ಖುಷ್ಕಿ ಜಮೀನಿನವರು ಗುಳೆ ಹೋಗಿ, ಹೊಲ ನೋಡಿಕೊಳ್ಳುವ ಕೆಲಸವನ್ನು ಮಗ್ಗುಲ ಹೊಲದವರಿಗೆ ವಹಿಸಿರುವುದೂ ಉಂಟು. ಹೀಗಿರುವಾಗ ಅಪ್ಪಣೆ ಯಾರದು? ನನ್ನ ಮಟ್ಟಿಗೆ ಉತ್ತರ ಸ್ಪಷ್ಟ. ನಾನು ತುಳಿದರೆ ಯಾರ ಬೆಳೆ ಹಾಳಾಗುತ್ತದೋ ಅವರದು. ಅವರಿಲ್ಲದಿದ್ದರೆ ಅವರ ಪರವಾಗಿ ಹೊಲ ಕಾಯುವವರದು. ಇದನ್ನು ಹೇಳುವ ದಾಖಲೆ ಯಾವ ಕಚೇರಿಯಲ್ಲೂ ಸಿಗದು. ಬಾಯಿಬಿಟ್ಟು ಕೇಳಿದರೆ ಮಾತ್ರ ಸಿಗುತ್ತದೆ.

ಸೈಕಲ್ಲಲ್ಲವೇ, ಟ್ರ್ಯಾಕ್ಟರ್ ಅಲ್ಲವಲ್ಲ, ಹಾದುಹೋದರೆ ಏನಾಗುತ್ತದೆ ಎನ್ನುವವರು ಸಿಂಧನೂರು ಕಡೆಯ ಗದ್ದೆಯ ಬದುವನ್ನು ಹತ್ತಿರದಿಂದ ನೋಡಬೇಕು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದು ನಾಟಿ ಶುರುವಾಗುವ ಹೊತ್ತಿಗೆ ಬದುವಿಗೆ ಹೊಸದಾಗಿ ಕೆಸರು ಮೆತ್ತಿ, ಸಲಿಕೆಯ ಬೆನ್ನಿನಿಂದ ಸವರಿ ನುಣುಪು ಮಾಡಿರುತ್ತಾರೆ. ಒಂದೇ ಹೆಜ್ಜೆಯ ಅಗಲ. ಅದರ ಮೇಲೆ ಮನುಷ್ಯ ನಡೆದರೆ ಅಲ್ಲೊಂದು ಇಲ್ಲೊಂದು ಹೆಜ್ಜೆಗುರುತು ಬೀಳುತ್ತದೆ, ನೀರು ಅಲ್ಲಲ್ಲೇ ನಿಲ್ಲುತ್ತದೆ. ಹೊರೆ ಹೊತ್ತ ಸೈಕಲ್ಲಿನ ಗಾಲಿ ಹೋದರೆ ಉದ್ದಕ್ಕೂ ಒಂದು ಗೀರು ಬೀಳುತ್ತದೆ. ಮೇಲಿನ ಮಡಿಯ ನೀರು ಆ ಗೀರಿನಲ್ಲಿ ಮೊದಲು ಜಿನುಗಿ, ಆಮೇಲೆ ಹರಿದು, ಬೆಳಗಾಗುವಷ್ಟರಲ್ಲಿ ಬದು ಕಿತ್ತು ಕೆಳಗಿನ ಮಡಿಗೆ ಇಳಿಯುತ್ತದೆ. ನೀರಿನ ಜೊತೆ ನಿನ್ನೆ ಎರಚಿದ ಗೊಬ್ಬರವೂ ಹೋಗುತ್ತದೆ. ಕಾಲುವೆಯ ಕೊನೆ ಭಾಗದ ರೈತರಿಗೆ ಆ ನೀರು ಎಂಥ ಜಗಳದ ನಂತರ ಬಂದಿರುತ್ತದೆ ಎಂಬುದು ಈ ಸೀಮೆಯವರಿಗೆ ಗೊತ್ತು. ನೀರುಗಳ್ಳತನ ತಡೆಯಲು ಕಾಲುವೆಯ ಅಕ್ಕಪಕ್ಕ ನಿಷೇಧಾಜ್ಞೆ ಹಾಕಿದ ವರ್ಷಗಳಿವೆ. ರಾತ್ರಿ ತೂಬಿನ ಹತ್ತಿರ ತಲೆಗೆ ಲೈಟು ಕಟ್ಟಿಕೊಂಡು ನಿಂತ ಅಪರಿಚಿತನನ್ನು ಅವರು ಸಂಶಯದಿಂದ ನೋಡಿದರೆ ಅದರಲ್ಲಿ ತಪ್ಪೇನೂ ಇಲ್ಲ.

ಎರೆಹೊಲದ ಕಥೆಯೇ ಬೇರೆ. ಮಸ್ಕಿ ದಾಟಿದರೆ ಜೋಳ, ಕಡಲೆ, ತೊಗರಿ, ಹತ್ತಿ. ಮಳೆಗಾಲದಲ್ಲಿ ಆ ಮಣ್ಣು ಗಾಲಿಗೂ ಮಡ್‌ಗಾರ್ಡಿಗೂ ನಡುವೆ ತುಂಬಿಕೊಂಡು ಸೈಕಲ್ಲನ್ನು ಹೊತ್ತು ನಡೆಯುವಂತೆ ಮಾಡುತ್ತದೆ. ಸುಗ್ಗಿ ಮುಗಿದ ಮೇಲೆ ಅದೇ ಹೊಲ ಎಲ್ಲರಿಗೂ ದಾರಿ. ಬಂಡಿಗಳು ಬದು ಬಳಸದೆ ಅಡ್ಡ ಹಾಯುತ್ತವೆ, ಕುರುಬರು ಮಂದೆ ಹೊಡೆದುಕೊಂಡು ಬಂದು ಹೊಲದಲ್ಲಿ ಕುರಿ ತರುಬುತ್ತಾರೆ. ಮುಂಗಾರಿಗೆ ಕುಂಟೆ ಹೊಡೆದ ದಿನ ದಾರಿ ಅಳಿಸಿಹೋಗುತ್ತದೆ. ಅಳಿಸಿದ್ದಕ್ಕೆ ಯಾರೂ ತಕರಾರು ಮಾಡುವುದಿಲ್ಲ. ಮಸ್ಕಿಯ ಆಚೆ ಒಮ್ಮೆ ದನ ಮೇಯಿಸುತ್ತಿದ್ದ ಅಜ್ಜನೊಬ್ಬನನ್ನು, “ಯಜ್ಜಾ, ಈ ಕಡಿಂದ ಲಿಂಗಸುಗೂರಿಗಿ ದಾರಿ ಅದನ್ರೀ?” ಎಂದು ಕೇಳಿದೆ. “ಕಡ್ಲಿ ಕಿತ್ತಾರ, ಇದರಾಗ ಹಾದು ಹೋಗ್ರಿ. ಅಕಾ ಅಲ್ಲಿ ಹತ್ತಿ ಅದ ನೋಡ್ರಿ, ಅದರಾಗ ಮಾತ್ರ ಇಳೀಬ್ಯಾಡ್ರಿ, ಇನ್ನಾ ಬಿಡಸೂದೈತಿ” ಎಂದ. ದಾರಿ ಇದೆಯೇ ಎಂಬ ಪ್ರಶ್ನೆಗೆ ಅವನ ಉತ್ತರದಲ್ಲಿ ಋತು ಇತ್ತು, ಬೆಳೆ ಇತ್ತು, ಬೇರೆಯವರ ಸಿಟ್ಟಿನ ಲೆಕ್ಕವಿತ್ತು. ನಕಾಶೆಯ ಗೆರೆಗೆ ಇವು ಮೂರೂ ಗೊತ್ತಿಲ್ಲ.

ನಾರ್ವೆಯ ಕಾನೂನಿಗೆ ಇದರ ಸುಳಿವಿದೆ. 1957ರ ಅಲ್ಲಿನ ಹೊರಾಂಗಣ ಕಾಯ್ದೆ ಕಾಡುಮೇಡಿನಲ್ಲಿ ಎಲ್ಲರಿಗೂ ಓಡಾಡುವ ಹಕ್ಕು ಕೊಡುತ್ತದೆ. ಉಳುಮೆಯ ನೆಲದಲ್ಲಿ ಮಾತ್ರ ಚಳಿಗಾಲದಲ್ಲಿ ನೆಲ ಹೆಪ್ಪುಗಟ್ಟಿದಾಗ, ಇಲ್ಲವೇ ಹಿಮ ಮುಚ್ಚಿದಾಗ ನಡೆಯಲು ಬಿಡುತ್ತದೆ. ಅಲ್ಲಿ ಹಿಮ ತೆರೆಯುವ ಹೊಲವನ್ನು ಇಲ್ಲಿ ಸುಗ್ಗಿ ತೆರೆಯುತ್ತದೆ. ಸ್ಕಾಟ್ಲೆಂಡಿನ 2003ರ ಕಾಯ್ದೆ ಸೈಕಲ್ಲಿಗೂ ಖಾಸಗಿ ನೆಲ ದಾಟುವ ಹಕ್ಕು ಕೊಟ್ಟಿದೆ, ಬೆಳೆ ನಿಂತ ಹೊಲವನ್ನು ಬಿಟ್ಟು. ನಮ್ಮ ಸವಾರರು ಈ ದೇಶಗಳ ಉದಾಹರಣೆ ಕೊಟ್ಟು ನಮಗೂ ಅಂಥ ಹಕ್ಕು ಬೇಕು ಎನ್ನುವುದನ್ನು ಕೇಳಿದ್ದೇನೆ. 1932ರಲ್ಲಿ ಇಂಗ್ಲೆಂಡಿನ ಕಿಂಡರ್ ಸ್ಕೌಟ್ ಬೆಟ್ಟಕ್ಕೆ ನುಗ್ಗಿದ ಕಾರ್ಖಾನೆ ಕಾರ್ಮಿಕರ ಬಗ್ಗೆ ನನಗೂ ಗೌರವವಿದೆ. ಆದರೆ ಅವರು ಎದುರಿಸಿದ್ದು ಬೇಟೆಗೆಂದು ಇಡೀ ಬೆಟ್ಟವನ್ನೇ ಬೀಗ ಹಾಕಿಟ್ಟ ಶ್ರೀಮಂತ ಎಸ್ಟೇಟುಗಳನ್ನು. ಇಲ್ಲಿ ನಾವು ದಾಟುವುದು ಎರಡು ಮೂರು ಎಕರೆಯ ಮೇಲೆ ಸಂಸಾರ ನಿಂತವರ ನೆಲವನ್ನು. ಅಲ್ಲಿಯ ನ್ಯಾಯವನ್ನು ಇಲ್ಲಿ ಹಾಗೆಯೇ ತಂದು ಹೂಡಿದರೆ ಅದು ಬಲವಿಲ್ಲದವರ ಮೇಲೆ ಬೀಳುತ್ತದೆ.

ಹಾಗಾದರೆ ಕೇಳಬೇಕು. ಕೇಳುವುದನ್ನು ನಾನು ಬರೀ ಸೌಜನ್ಯವೆಂದು ಹೇಳುತ್ತಿಲ್ಲ. ಅದರಲ್ಲಿ ಕಾನೂನಿನ ಒಂದು ತಿರುಳಿದೆ. ಬೇರೆಯವರ ಜಮೀನಿನಲ್ಲಿ 20 ವರ್ಷ ಬಹಿರಂಗವಾಗಿ, ಅಡೆತಡೆಯಿಲ್ಲದೆ, ತನ್ನ ಹಕ್ಕೆಂದೇ ಓಡಾಡಿದರೆ ಆ ದಾರಿ ಹಕ್ಕಾಗುತ್ತದೆ; 1882ರ ಈಸ್‌ಮೆಂಟ್ ಕಾಯ್ದೆಯ ಮಾತಿದು. ಆದರೆ ಅಪ್ಪಣೆ ಪಡೆದು ಓಡಾಡಿದ ವರ್ಷಗಳು ಆ ಲೆಕ್ಕಕ್ಕೆ ಬರುವುದಿಲ್ಲ. ಅಂದರೆ ನಾನು ಕೇಳಿ ದಾಟಿದಾಗಲೆಲ್ಲ, ಈ ನೆಲ ನಿಮ್ಮದು, ನನ್ನ ಓಡಾಟದಿಂದ ನಿಮ್ಮ ಹಕ್ಕು ಸವೆಯುವುದಿಲ್ಲ ಎಂದು ರೈತನಿಗೆ ಮಾತು ಕೊಟ್ಟ ಹಾಗೆ. ಕೇಳದೆ ದಾಟಿದವನು ಅಪರಾಧಿ ಎಂದೇನೂ ಅಲ್ಲ. ಭಾರತೀಯ ನ್ಯಾಯ ಸಂಹಿತೆಯ 329ನೇ ಸೆಕ್ಷನ್ ಪ್ರಕಾರ ಅತಿಕ್ರಮ ಪ್ರವೇಶ ಅಪರಾಧವಾಗಬೇಕಾದರೆ ಇನ್ನೊಂದು ಅಪರಾಧ ಮಾಡುವ, ಹೆದರಿಸುವ, ಅವಮಾನಿಸುವ, ಕಿರುಕುಳ ಕೊಡುವ ಉದ್ದೇಶ ಇರಬೇಕು. ಆದರೆ ಜೈಲಿಗೆ ಹೋಗುವ ಕೆಲಸ ಅಲ್ಲ ಎಂದ ಮಾತ್ರಕ್ಕೆ ಅದು ಮಾಡಬಹುದಾದ ಕೆಲಸವಾಗುವುದಿಲ್ಲ.

ಇಲ್ಲಿಂದಲೇ ನನ್ನ ಇನ್ನೊಂದು ನಿಲುವೂ ಹುಟ್ಟುತ್ತದೆ: ಹೊಲ ದಾಟಿದ ಜಿಪಿಎಸ್ ಜಾಡನ್ನು ಸವಾರರು ಸ್ಟ್ರಾವಾ ಆ್ಯಪಿಗೋ ಇನ್ನೊಂದಕ್ಕೋ ಏರಿಸಬಾರದು. ಆ ಅಜ್ಜ ಹೋಗಿ ಎಂದದ್ದು ನನಗೆ, ಆ ಹೊತ್ತಿಗೆ, ಕಡಲೆ ಕಿತ್ತಿದ್ದರಿಂದ. ಜಾಡು ಆ್ಯಪಿಗೆ ಏರಿದ ಮೇಲೆ ಆ ಷರತ್ತುಗಳೆಲ್ಲ ಉದುರಿಹೋಗಿ ಗೆರೆಯೊಂದೇ ಉಳಿಯುತ್ತದೆ. ಆಗಸ್ಟಿನಲ್ಲಿ ಬರುವ ಗುಂಪು ಅದನ್ನು ನೋಡಿ, ಇಲ್ಲಿ ದಾರಿ ಇದೆಯಲ್ಲ ಎಂದು ತೊಗರಿ ಸಾಲಿನ ನಡುವೆ ಇಳಿಯುತ್ತದೆ. ತಡೆದ ರೈತನಿಗೆ ಮೊಬೈಲ್ ತೋರಿಸುತ್ತದೆ. ಒಬ್ಬರಿಗೆ ಕೊಟ್ಟ ಒಪ್ಪಿಗೆಯನ್ನು ಲೋಕಕ್ಕೆಲ್ಲ ಹಂಚುವ ಅಧಿಕಾರ ನನಗಿಲ್ಲ.

ಇಷ್ಟು ಹೇಳಿದವನು ಇದರ ಮತ್ತೊಂದು ಮುಖವನ್ನು ಮುಚ್ಚಿಟ್ಟರೆ ಅನ್ಯಾಯವಾಗುತ್ತದೆ. ಒಳ್ಳೆಯ ಸೈಕಲ್ಲಿನಲ್ಲಿ ಬಂದವನಿಗೆ ಅಪ್ಪಣೆ ಸಲೀಸಾಗಿ ಸಿಗುತ್ತದೆ, ಮೇಲೆ ಮಜ್ಜಿಗೆಯೂ ಸಿಗುತ್ತದೆ. ಯಾವೂರು, ಯಾರ ಪೈಕಿ ಎಂಬ ವಿಚಾರಣೆ ಅವನಿಗೆ ಕುಶಲಪ್ರಶ್ನೆಯಾಗಿ ಕೇಳಿಸುತ್ತದೆ. ಅದೇ ಪ್ರಶ್ನೆ ಅದೇ ಊರಿನ ಎಷ್ಟೋ ಜನರಿಗೆ ಬೇಲಿ. ಕೇರಿಯಿಂದ ಸ್ಮಶಾನಕ್ಕೆ ಹೋಗುವ ಹಾದಿಯನ್ನು ಯಾರೋ ಉತ್ತುಬಿಟ್ಟರು, ಹೆಣ ಹೊತ್ತವರು ನಡುದಾರಿಯಲ್ಲಿ ನಿಂತರು ಎಂಬ ಸುದ್ದಿ ನಮ್ಮ ಜಿಲ್ಲೆಗಳಿಗೆ ಹೊಸದಲ್ಲ. ಅವರಿಗೆ ಹೋಗಿ, ಕೇಳಿ ದಾಟಿ ಎಂದು ಹೇಳಲು ನನಗೆ ಬಾಯಿ ಬರದು. 1924ರಲ್ಲಿ ವೈಕಂನಲ್ಲಿ ಸತ್ಯಾಗ್ರಹ ಕೂತವರು ಗುಡಿಯ ಸುತ್ತಲಿನ ರಸ್ತೆಗೆ ಅಪ್ಪಣೆ ಕೇಳಲಿಲ್ಲ, ನಡೆಯುವ ಹಕ್ಕು ಕೇಳಿದರು. ಮಸ್ಕಿಯ ಬಂಡೆಯಲ್ಲಿ 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಕಣ್ಣಿಗೆ ಬಿದ್ದ ಶಾಸನ ಅಶೋಕನ ಹೆಸರನ್ನು ಎತ್ತಿ ಹೇಳಿದ್ದಕ್ಕೆ ಪ್ರಸಿದ್ಧವಾಯಿತು. ಅದರ ತಿರುಳು, ಧರ್ಮದ ಫಲ ದೊಡ್ಡವರಿಗಷ್ಟೇ ಅಲ್ಲ, ಸಣ್ಣವರಿಗೂ ದಕ್ಕುವಂಥದು ಎಂಬುದು. ಅದೇ ಅರಸ ಬೇರೆ ಶಾಸನಗಳಲ್ಲಿ ದಾರಿಯುದ್ದಕ್ಕೂ ಮರ ನೆಡಿಸಿದ್ದನ್ನೂ ಬಾವಿ ತೋಡಿಸಿದ್ದನ್ನೂ ಹೇಳಿಕೊಂಡಿದ್ದಾನೆ. ದಾರಿ ಎಲ್ಲರದು ಎಂದು ಆಳುವವರು ಕಲ್ಲಿನಲ್ಲಿ ಬರೆಯಬೇಕಾದ ಸಂದರ್ಭಗಳಿವೆ.

ಆದ್ದರಿಂದ ಒಂದೇ ಕಾಲುದಾರಿಗೆ ಎರಡು ನ್ಯಾಯ ಬೇಕೆಂದು ನನ್ನ ವಾದ. ಬದುಕಿಗೆ ದಾರಿ ಬೇಕಾದವರು, ಅಂದರೆ ಹೊಲಕ್ಕೆ, ನೀರಿಗೆ, ಶಾಲೆಗೆ, ಸ್ಮಶಾನಕ್ಕೆ ಹೋಗುವವರು, ಯಾರನ್ನೂ ಕೇಳುವಂತಾಗಬಾರದು. ಅವರ ದಾರಿ ನಕಾಶೆಯಲ್ಲಿ ಗೆರೆಯಾಗಿ, ಪಹಣಿಯಲ್ಲಿ ಖರಾಬಾಗಿ ದಾಖಲಾಗಿರಬೇಕು. ಸಂತೋಷಕ್ಕೆ ಹೋಗುವವರು ಪ್ರತಿ ಸಲವೂ ಕೇಳಬೇಕು, ಬೇಡವೆಂದರೆ ತಿರುಗಿ ಹೋಗಬೇಕು. ಕೇಳಿ ನಡೆದದ್ದು ಎಂದಿಗೂ ಹಕ್ಕಾಗದು ಎಂಬ ಕಾನೂನಿನ ಮಾತೇ ನನ್ನಂಥವನು ಕೇಳಲೇಬೇಕು ಎನ್ನುವುದಕ್ಕೂ, ತಾಂಡಾದ ಹೆಣ್ಣುಮಗಳು ಕೇಳಲೇಬಾರದು ಎನ್ನುವುದಕ್ಕೂ ಕಾರಣ. ಸೈಕಲ್ ಸವಾರಿಯ ಸಂತೋಷ ಸಣ್ಣದೆಂದು ನಾನು ಭಾವಿಸಿಲ್ಲ. ಹಟ್ಟಿಯ ಕಡೆಯ ಕೆಮ್ಮಣ್ಣಿನ ಏರು ಹತ್ತಿ ಸಂಜೆ ಗಾಳಿಗೆ ನಿಲ್ಲುವುದಕ್ಕಾಗಿ ನಾನು ಎಷ್ಟು ದೂರ ಬೇಕಾದರೂ ಬಳಸಿಕೊಂಡು ಹೋಗಬಲ್ಲೆ. ಬಳಸಿಕೊಂಡು ಹೋಗಲು ನನಗೆ ಸಾಧ್ಯವಿದೆ ಎಂಬುದೇ ನನಗೂ ಅವಳಿಗೂ ಇರುವ ವ್ಯತ್ಯಾಸ.

ಹೊಸ ಕಂದಾಯ ಗ್ರಾಮಗಳಾದ ತಾಂಡಾಗಳ ನಕಾಶೆಯಲ್ಲಿ ಮನೆಗಳ ಜಾಗ ಗುರುತಿಸಿದರೆ ಕೆಲಸ ಮುಗಿಯಲಿಲ್ಲ. ಭೂಮಾಪಕರು ಬರುವಾಗ ಊರ ಹಿರಿಯ ಗಂಡಸರನ್ನು ಕರೆದು ಕಟ್ಟೆಯ ಮೇಲೆ ಕೂತು ವಿಚಾರಿಸಿದರೆ ಹೊಲದ ಗಡಿಗಳು ಸಿಗಬಹುದು, ದಾರಿಗಳು ಸಿಗುವುದಿಲ್ಲ. ಕೊಡ ಹೊತ್ತವರನ್ನು, ಕುರಿ ಕಾಯುವವರನ್ನು, ಹತ್ತಿ ಬಿಡಿಸಲು ಹೋಗುವವರನ್ನು ಕೇಳಬೇಕು. ಸುಗ್ಗಿಯ ದಾರಿ ಯಾವುದು, ಮಳೆಗಾಲದಲ್ಲಿ ಹಳ್ಳ ಬಂದರೆ ಯಾವುದು ಎಂದು ಅವರ ಜೊತೆ ನಡೆದೇ ನೋಡಬೇಕು. ನಮ್ಮಂಥ ಸವಾರರ ಬಳಿ ಆ ಹಾದಿಗಳ ಜಿಪಿಎಸ್ ಜಾಡು ಇದ್ದು, ಅಲ್ಲಿಯವರೇ ಬೇಕೆಂದರೆ, ಅದನ್ನು ಕೊಡಬೇಕಾದ ಜಾಗ ಗ್ರಾಮ ಪಂಚಾಯಿತಿ.